ಕಾಂಚನಾಳ ಹೆಸರಿನ ಹರಕೆ

ಬನಹಟ್ಟಿಯ ಗೂಳಪ್ಪನ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು. ಅವುಗಳಲ್ಲಿ ಎರಡು ಸೊಸೆಯ ಕೈಯಲ್ಲಿದ್ದವು. ಸೊಸೆ ಕಾಂಚನಾ ಹಾಸಿಗೆ ಹಿಡಿದ ಮೇಲೆ ಆ ಎರಡರ ಮುಂದೆ ಅತ್ತೆ ದಾನಮ್ಮ ನಿಲ್ಲಬೇಕಾಯಿತು. ಅರವತ್ತರ ಹತ್ತಿರ ಬಂದ ಹೆಂಗಸು, ಮೊಣಕಾಲು ನೋವಿನವಳು. ಬೆಳಗಿನಿಂದ ಮಗ್ಗದ ಮುಂದೆ ನಿಂತು ನಿಂತು ಒಳಗೆ ಬಂದು ನೋಡಿದರೆ, ಇಪ್ಪತ್ತಾರರ ಸೊಸೆ ಫ್ಯಾನಿನ ಕೆಳಗೆ ಕಾಲು ಚಾಚಿ ಮಲಗಿರಬೇಕು. ಸಿಟ್ಟು ಯಾರಿಗೆ ಬರುವುದಿಲ್ಲ? ದಾನಮ್ಮನಿಗೆ ಬಂದಿತ್ತು, ಬಂದದ್ದನ್ನು ಅವಳು ಮುಚ್ಚಿಟ್ಟಿರಲೂ ಇಲ್ಲ. ಆದರೆ ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಿಟ್ಟು ತುಂಬಿಕೊಂಡಿದ್ದವಳು ಆ ಮಲಗಿದವಳೇ. ಅದು ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಯಾರೂ ಅವಳನ್ನು ಕೇಳಿರಲಿಲ್ಲ.

ಹೋದ ಮಳೆಗಾಲದ ಕೊನೆಗೆ ಓಣಿಗೆಲ್ಲ ಕೀಲುನೋವಿನ ಜ್ವರ ಹರಡಿತ್ತು. ಗೂಳಪ್ಪನಿಗೆ ಬಂತು, ಅವನ ಹಿರಿಯ ಮಗ ರಾಜಕುಮಾರನಿಗೆ ಬಂತು, ರಾಜಕುಮಾರನ ಹೆಂಡತಿ ಕಾಂಚನಾಳಿಗೂ ಬಂತು. ಗಂಡಸರಿಬ್ಬರೂ ಕೆಲವು ದಿನ ನರಳಿ, ಕುಂಟುತ್ತ ಎದ್ದು ಮಗ್ಗಕ್ಕೆ ಹೋದರು. ಕಾಂಚನಾಳ ಜ್ವರವೂ ಇಳಿಯಿತು, ಕೀಲುಗಳೂ ಸಡಿಲಾದವು. ಅವಳೂ ಎದ್ದಳು. ಎದ್ದು ನಿಂತ ಸ್ವಲ್ಪ ಹೊತ್ತಿಗೆ ಎದೆಯೊಳಗೆ ಮಗ್ಗ ಓಡಿದಂತಾಗಿ, ಕಣ್ಣು ಕತ್ತಲಿಟ್ಟು, ಕೈ ನಡುಗಿ, ಪಾದಗಳು ಬದನೆಕಾಯಿ ಬಣ್ಣಕ್ಕೆ ತಿರುಗಿದವು. ಮಲಗಿದರೆ ಎಲ್ಲ ಇಳಿಯಿತು. ಅಂದಿನಿಂದ ಅದೇ ಪಾಡು. ಬಿಸಿನೀರು ಮೈಮೇಲೆ ಬಿದ್ದರೆ ಬಚ್ಚಲಲ್ಲೇ ಕುಸಿದು ಕೂರಬೇಕು. ತಲೆ ಬಾಚಲು ಕೈ ಎತ್ತಿದರೆ ಕೈ ತನ್ನದಲ್ಲ ಎನಿಸಬೇಕು. ಗ್ಯಾಸಿನ ಕಟ್ಟೆಯ ಮುಂದೆ ನಿಂತು ರೊಟ್ಟಿ ಬಡಿಯಹೋದರೆ ಬುಟ್ಟಿಯ ತಳ ಮುಚ್ಚುವಷ್ಟರಲ್ಲಿ ಗೋಡೆ ಹಿಡಿಯಬೇಕು. ಮಗ್ಗದಲ್ಲಿ ಎಳೆ ಕಡಿದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಗಂಟು ಹಾಕುತ್ತಿದ್ದ ಹೆಂಗಸು ಈಗ ಯಾವ ಎಳೆಯನ್ನು ಯಾವುದಕ್ಕೆ ಸೇರಿಸಬೇಕೆಂದು ತಿಳಿಯದೆ ದಾರ ಹಿಡಿದುಕೊಂಡು ಸುಮ್ಮನೆ ನೋಡುತ್ತಿದ್ದಳು.

ಊರಿನ ಡಾಕ್ಟರರ ಹತ್ತಿರ ಹೋದರು. ಮೇಜಿನ ಮೇಲೆ ಮಲಗಿಸಿ ಬಿಪಿ ನೋಡಿದರು, ಮಲಗಿಸಿಯೇ ಇಸಿಜಿ ತೆಗೆದರು, ರಕ್ತ ತಪಾಸಣೆ ಮಾಡಿದರು, ಥೈರಾಯ್ಡು ನೋಡಿದರು. ಎಲ್ಲ ನಾರ್ಮಲ್. ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಟೆನ್ಶನ್ ಮಾಡಿಕೊಳ್ಳಬೇಡಿ ಎಂದು ಹೇಳಿ ಒಂದು ಸಲಾಯಿನ್ ಏರಿಸಿ ಕಳಿಸಿದರು. ಆ ಸಲಾಯಿನ್ ಏರಿದ ಮರುದಿನ ಕಾಂಚನಾ ಎದ್ದು ಅಂಗಳ ಗುಡಿಸಿದಳು. ಅದೇ ಅವಳಿಗೆ ಮುಳುವಾಯಿತು. ನೀರಿನ ಬಾಟಲಿಗೆ ಏಳುವ ರೋಗ ರೋಗವೇ ಅಲ್ಲ ಎಂದು ದಾನಮ್ಮ ತೀರ್ಮಾನ ಮಾಡಿಬಿಟ್ಟಳು. ಡಾಕ್ಟರರೇ ಏನೂ ಇಲ್ಲ ಎಂದ ಮೇಲೆ ರಾಜಕುಮಾರನಾದರೂ ಏನು ಹೇಳಿಯಾನು? ಅವನು ಹೆಂಡತಿಯ ಮುಂದೆ ಹೆಂಡತಿಯ ಮಾತಿಗೆ ತಲೆ ಆಡಿಸುತ್ತಿದ್ದ, ತಾಯಿಯ ಮುಂದೆ ತಾಯಿಯ ಮಾತಿಗೆ.

ಯುಗಾದಿಗೆ ಸಮೀರವಾಡಿಯಿಂದ ದಾನಮ್ಮನ ತಮ್ಮನ ಮನೆಯವರು ಬಂದರು. ಆ ದಿನ ಕಾಂಚನಾಳಿಗೆ ಮೈ ಸ್ವಲ್ಪ ಹಗುರಾಗಿತ್ತು. ಬಂದವರ ಎದುರಿಗೆ ಮಲಗಿರುವುದು ಅವಳಿಗೂ ನಾಚಿಕೆ. ಸೆರಗು ಸಿಕ್ಕಿಸಿ ಹೂರಣ ಅರೆದಳು, ಹೋಳಿಗೆ ಲಟ್ಟಿಸಿದಳು, ಬೇಯಿಸಿದಳು, ಬಡಿಸಿದಳು, ಎಲ್ಲರ ಜೊತೆ ನಕ್ಕಳು. ನಡುನಡುವೆ ಅಡುಗೆಮನೆಯ ನೆಲದ ಮೇಲೆ ಹೋಗಿ ಮಲಗಿ ಬಂದದ್ದನ್ನು ಯಾರೂ ನೋಡಲಿಲ್ಲ. ಮರುದಿನ ನೀರಿನ ಲೋಟ ಎತ್ತಲು ಆಗಲಿಲ್ಲ. ಬೆಳಕು ಕಣ್ಣಿಗೆ ಚುಚ್ಚಿತು, ಮಗ್ಗದ ಸಪ್ಪಳ ತಲೆಯ ಮೇಲೆ ಬಡಿದಂತಾಯಿತು. ರಾತ್ರಿಯೆಲ್ಲ ನಿದ್ದೆ ಮಾಡಿದರೂ ನಿದ್ದೆ ಮಾಡದವಳಂತೆ ಬಿದ್ದಿದ್ದಳು. ಎದುರುಮನೆಯ ತಂಗೆವ್ವ ಹೇಗಿದ್ದಾಳೆಂದು ಕೇಳುವ ನೆವದಲ್ಲಿ ಒಳಗೆ ಬಂದು, ಕಣ್ಣರಳಿಸಿ ನೋಡಿ, ನಿನ್ನೆ ಹೋಳಿಗೆ ಮಾಡಿದವಳು ಇಂದು ಮಲಗಿದ್ದಾಳಲ್ಲ ಎಂದು ಹೊಸ್ತಿಲು ದಾಟುವ ಮೊದಲೇ ಹೇಳಿ ಹೋದಳು. ಸಂಜೆಯ ಹೊತ್ತಿಗೆ ಓಣಿಗೆಲ್ಲ ಅದೇ ಮಾತು.

ರಾಜಕುಮಾರ ಊಟ ಮುಗಿಸಿ ಬಂದು ಹಾಸಿಗೆಯ ಅಂಚಿಗೆ ಕೂತ.

"ನಿನ್ನಿ ನಗ್ತಿದ್ದೆಲ್ಲ. ಇವತ್ತ ಏನಾತು?"

"ನಿನ್ನಿ ನಕ್ಕಿದ್ದಕ್ಕ ಇವತ್ತ ಮಲಗೇನಿ."

"ನಕ್ಕರ ಜಡ್ಡ ಬರತೈತಿ ಅಂತ ಯಾವ ಡಾಕ್ಟರ್ ಹೇಳ್ಯಾನ? ಅವ್ವನ ಕಾಲ ನೋಡಿಯೇನು, ಹೆಂಗ ಬಾತಾವು?"

ಆಗ ಕಾಂಚನಾ ಎದ್ದು ಕೂತು ಬಾಯಿಗೆ ಬಂದದ್ದೆಲ್ಲ ಅಂದಳು. ಮದುವೆಯಾದ ಮೂರು ವರ್ಷದಲ್ಲಿ ತಾನು ಒಂದು ದಿನವಾದರೂ ಕೆಲಸ ತಪ್ಪಿಸಿದ್ದು ಉಂಟೇ, ಹಬ್ಬಕ್ಕೆ ತವರಿಗೆ ಹೋದಾಗಲೂ ಎರಡೇ ದಿನಕ್ಕೆ ಓಡಿ ಬರಲಿಲ್ಲವೇ, ಮಲಗುವುದಕ್ಕೆ ತನಗೇನು ಹುಚ್ಚೇ ಎಂದು ಕೇಳಿದಳು. ಧ್ವನಿ ಹಿತ್ತಲಿನ ತನಕ ಹೋಯಿತು. ಅಂದದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ರಾಜಕುಮಾರ ಎದ್ದು ಹೊರಗೆ ಹೋದ. ಕಾಂಚನಾಳಿಗೆ ಆದದ್ದು ಬೇರೆ. ಆ ಜಗಳದ ಮರುದಿನ ಅವಳಿಗೆ ಹೊರಳಲೂ ತ್ರಾಣವಿರಲಿಲ್ಲ, ಅದರ ಮರುದಿನವೂ ಇರಲಿಲ್ಲ. ಹೋಳಿಗೆ ಮಾಡಿದ್ದಕ್ಕೆ ಆದ ಶಿಕ್ಷೆಯೇ ಬೈದದ್ದಕ್ಕೂ ಆಗಿತ್ತು. ಸಿಟ್ಟಿಗೂ ತ್ರಾಣ ಬೇಕು ಎಂಬುದು ಅವಳಿಗೆ ಆಗ ತಿಳಿಯಿತು. ಎಂಥ ದರಿದ್ರ ರೋಗ ನೋಡಿ, ಮನುಷ್ಯನಿಗೆ ತನ್ನ ಸಿಟ್ಟನ್ನೂ ಕೈಬಿಚ್ಚಿ ಖರ್ಚು ಮಾಡಲು ಕೊಡುವುದಿಲ್ಲ. ಅಂದಿನಿಂದ ಅವಳು ತಂಗೆವ್ವನ ಮಾತು ನುಂಗಿದಳು, ಅತ್ತೆ ಪಾತ್ರೆ ಕುಕ್ಕುವ ಸಪ್ಪಳ ನುಂಗಿದಳು, ಎರಡು ಮಗ್ಗದ ಬಟ್ಟೆ ಅರ್ಧಕ್ಕೆ ಇಳಿದಿದೆ ಎಂದು ಮಾವ ದಿನಾ ಗೋಡೆಗೆ ಹೇಳುವುದನ್ನೂ ನುಂಗಿದಳು. ಇವಳು ತೆಪ್ಪಗಾದಳು ಎಂದು ಮನೆಯವರು ತಿಳಿದರು.

ಒಂದು ಮಂಗಳವಾರ ದಾನಮ್ಮ ಓಣಿಯ ಕೊನೆಯ ದುರ್ಗಮ್ಮನ ಗುಡಿಗೆ ಹೋಗಿ, ಹಣೆಗೆ ಭಂಡಾರದ ಅರಿಶಿನ ಬಳಿದುಕೊಂಡು ಬಂದಳು. ಬಂದವಳೇ ಸೊಸೆಯ ತಲೆಯ ಹತ್ತಿರ ಕೂತು, ಅವಳ ಹಣೆಗೂ ಹಚ್ಚಿ, ಹರಕೆ ಹೊತ್ತು ಬಂದಿದ್ದೇನೆ ಎಂದಳು. ಐದು ವಾರ ಕಾಂಚನಾ ಉಪ್ಪು ಮುಟ್ಟಬಾರದು. ಐದನೆಯ ಮಂಗಳವಾರ ಮನೆಯ ಹೊಸ್ತಿಲಿನಿಂದ ಗುಡಿಯ ತನಕ ದೀಡ ನಮಸ್ಕಾರ ಹಾಕಬೇಕು. ದೀಡ ನಮಸ್ಕಾರವೆಂದರೆ ಒದ್ದೆ ಸೀರೆಯಲ್ಲಿ ದಾರಿಯ ಮೇಲೆ ಉದ್ದಕ್ಕೆ ಬೋರಲಾಗಿ ಮಲಗಿ, ಕೈ ಚಾಚಿ ಗೆರೆ ಎಳೆದು, ಎದ್ದು ಆ ಗೆರೆಯ ಮೇಲೆ ನಿಂತು ಕೈ ಮುಗಿದು ಮತ್ತೆ ಮಲಗುವುದು. ಹೀಗೆ ದಾರಿಯನ್ನು ಮೈಯಿಂದ ಅಳೆಯುತ್ತ ಹೋಗಬೇಕು.

"ನಾನೂ ಉಪ್ಪು ಬಿಡತೇನಿ. ನೀ ಒಬ್ಬಾಕಿನ ಬಿಡಬ್ಯಾಡ" ಎಂದಳು ದಾನಮ್ಮ.

ಆ ಮಾತಿಗೆ ಕಾಂಚನಾಳ ಕಣ್ಣು ತುಂಬಿತು. ಏಳು ತಿಂಗಳಲ್ಲಿ ಆ ಮನೆಯವರು ಅವಳ ರೋಗವನ್ನು ರೋಗವೆಂದು ಒಪ್ಪಿಕೊಂಡದ್ದು ಅದೇ ಮೊದಲು. ಆಗಲಿ ಅತ್ತಿ ಎಂದುಬಿಟ್ಟಳು.

ಗೂಳಪ್ಪನಿಗೆ ಬಿಪಿ ಇದ್ದದ್ದರಿಂದ ಆ ಮನೆಯ ಅಡುಗೆಯಲ್ಲಿ ಮೊದಲೇ ಉಪ್ಪು ಕಡಿಮೆ. ಈಗ ಹೆಂಗಸರಿಬ್ಬರ ತಾಟಿನಲ್ಲಿ ಅದೂ ಹೋಯಿತು. ಎಲ್ಲರೂ ತನ್ನ ಸಾಲಿಗೆ ಬಂದಿರಿ ಎಂದು ಗೂಳಪ್ಪ ಖುಷಿಪಟ್ಟ. ಉಪ್ಪಿಲ್ಲದ ಬ್ಯಾಳಿ, ಉಪ್ಪಿಲ್ಲದ ಪಲ್ಯ, ಸಪ್ಪನ ಮಜ್ಜಿಗೆ. ಚೈತ್ರದ ಬಿಸಿಲು, ತಗಡಿನ ಮಾಡು, ಬೆವರು ಹರಿದು ಹರಿದು ಹಾಸಿಗೆ ತೊಯ್ಯುತ್ತಿತ್ತು. ಮೊದಲನೆಯ ವಾರ ಕಳೆಯುವುದರೊಳಗೆ ಕಾಂಚನಾ ಕೂತು ಉಣ್ಣುವುದೂ ನಿಂತಿತು. ಎರಡನೆಯ ವಾರ ಬಚ್ಚಲಿಗೆ ಹೋಗಿ ಬರುವಾಗ ಬಾಗಿಲ ನಡುವೆ ಬಿದ್ದು ಹುಬ್ಬು ಒಡೆದುಕೊಂಡಳು. ದೇವಿ ಪರೀಕ್ಷೆ ಮಾಡುತ್ತಿದ್ದಾಳೆ ಎಂದು ದಾನಮ್ಮ ಗಾಯಕ್ಕೆ ಅರಿಶಿನ ಒತ್ತಿದಳು. ಉಪ್ಪು ಬಿಟ್ಟು, ಎರಡು ಮಗ್ಗ ನೋಡಿಕೊಂಡು, ಆ ಮುದುಕಿಯೂ ಸೊರಗಿದ್ದಳು.

ರಾಜಕುಮಾರನ ತಮ್ಮ ಅಮಿತ ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ನೌಕರಿ ಮಾಡುತ್ತಿದ್ದ. ಹುಬ್ಬಿನ ಪಟ್ಟಿ ನೋಡಿ ಅವನಿಗೆ ತಡೆಯಲಾಗಲಿಲ್ಲ. ಬಿದ್ದಾಗ ಹೇಗಾಯಿತು, ಎದ್ದ ಕೂಡಲೇ ಆಯಿತೋ ನಡೆದ ಮೇಲೋ ಎಂದು ಕೂತು ಕೇಳಿದ. ಏಳು ತಿಂಗಳಲ್ಲಿ ಇದನ್ನು ಕೇಳಿದವನು ಅವನೊಬ್ಬನೇ. ಜಮಖಂಡಿಗೆ ಹೊಸದಾಗಿ ಬಂದ ಹೆಣ್ಣು ಡಾಕ್ಟರ್, ಡಾಕ್ಟರ್ ಬಾಯಿಯವರ ಹತ್ತಿರ ತೋರಿಸೋಣ ಎಂದ. ಮಗ್ಗ ಬಿಟ್ಟು ಬರಲು ರಾಜಕುಮಾರ ಗೊಣಗಿದ. ಅಣ್ಣಾ, ವೈನಿ ನಿನ್ನ ಹೆಂಡತಿಯೋ ನನ್ನ ಹೆಂಡತಿಯೋ ಎಂದು ಅಮಿತ ಕೇಳಿದ ಮೇಲೆ ಅಂಗಿ ಹಾಕಿಕೊಂಡು ಹೊರಟ. ಕಾಂಚನಾ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಯೇ ಹೋದಳು.

ಆ ಡಾಕ್ಟರ್ ಬಾಯಿ ಮೊದಲು ಅವಳನ್ನು ಮಲಗಿಸಿ, ಬೆರಳಿಗೆ ಯಂತ್ರ ಸಿಕ್ಕಿಸಿ, ಮಾತಾಡದೆ ಬಿಟ್ಟರು. ಎದೆಬಡಿತ ಎಪ್ಪತ್ತರ ಆಸುಪಾಸಿನಲ್ಲಿತ್ತು. ಆಮೇಲೆ ಎಬ್ಬಿಸಿ ಗೋಡೆಗೆ ಆನಿಸಿ ನಿಲ್ಲಿಸಿದರು. ರಾಜಕುಮಾರನನ್ನು ಹತ್ತಿರ ಕರೆದು, ಅಂಕಿ ನೋಡುತ್ತಿರು ಎಂದರು. ಹೆಂಡತಿ ಬರೀ ನಿಂತಿದ್ದಾಳೆ, ಕೈಯಲ್ಲಿ ಕೆಲಸವಿಲ್ಲ, ಬಾಯಲ್ಲಿ ಮಾತಿಲ್ಲ. ಅಂಕಿ ಮಾತ್ರ ಏರುತ್ತ ಏರುತ್ತ ನೂರಾ ಮೂವತ್ತು ದಾಟಿತು. ತುಟಿ ಬಿಳುಪಾಯಿತು, ಪಾದ ಕಪ್ಪಗಾಯಿತು. ರಾಜಕುಮಾರ ಅವಳ ತೋಳು ಹಿಡಿದು, ಸಾಕ್ರಿ, ಬೀಳ್ತಾಳ ಎಂದ.

"ನಿಂತಾಗ ಆಗೂ ತ್ರಾಸನ್ನ ಮಲಗಿಸಿ ನೋಡಿದ್ರ ಹೆಂಗ ಕಾಣತೈತ್ರಿ?" ಎಂದರು ಡಾಕ್ಟರ್ ಬಾಯಿ. ಅವರ ಧ್ವನಿಯಲ್ಲಿಯೂ ಸಿಟ್ಟಿತ್ತು. ಆ ಸಿಟ್ಟು ಕಂಡು ಕಾಂಚನಾಳಿಗೆ ಅವರ ಕೈ ಹಿಡಿದುಕೊಳ್ಳಬೇಕೆನಿಸಿತು.

ಅವರು ಬಿಡಿಸಿ ಹೇಳಿದರು. ನಾವು ಹೇಳದೆಯೇ ಮೈಯಲ್ಲಿ ನಡೆಯುವ ಕೆಲಸಗಳಿವೆ. ಎದೆ ಬಡಿಯುವುದು, ಬೆವರುವುದು, ಉಂಡದ್ದು ಕರಗುವುದು, ನಿಂತಾಗ ಕಾಲಿಗೆ ಇಳಿದ ರಕ್ತವನ್ನು ಮೇಲಕ್ಕೆ ಒತ್ತುವುದು. ಇವನ್ನೆಲ್ಲ ನೋಡಿಕೊಳ್ಳುವ ನರಗಳ ಒಂದು ವ್ಯವಸ್ಥೆಯೇ ಬೇರೆ ಇದೆ, ಕೆಲವರಿಗೆ ಜ್ವರ ಬಂದು ಹೋದ ಮೇಲೆ ಅದು ಹಳಿ ತಪ್ಪುತ್ತದೆ. ಆಗ ರಕ್ತ ಕೆಳಗೇ ಉಳಿಯುತ್ತದೆ, ತಲೆಗೆ ಸಾಲುವುದಿಲ್ಲ, ಅದನ್ನು ಸರಿದೂಗಿಸಲು ಎದೆ ಓಡುತ್ತದೆ. ಇದು ಒಂದು. ಇನ್ನೊಂದು, ಮೈ ತಾಳುವುದಕ್ಕಿಂತ ಸ್ವಲ್ಪ ಹೆಚ್ಚು ದುಡಿದರೂ, ನಕ್ಕರೂ, ಜಗಳವಾಡಿದರೂ ಮರುದಿನ ನೆಲಕ್ಕೆ ಹಾಕುವ ದಣಿವಿನ ರೋಗ. ಅದು ನಿದ್ದೆಯಿಂದ ಹೋಗುವ ದಣಿವಲ್ಲ. ಎರಡಕ್ಕೂ ಬೇರೆ ಬೇರೆ ಹೆಸರಿದ್ದರೂ ಬಹಳ ಜನರಲ್ಲಿ ಎರಡೂ ಕೂಡಿಯೇ ಇರುತ್ತವೆ, ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಶುರುವಾಗುತ್ತದೆ ಎಂದು ತಾನು ಗೆರೆ ಎಳೆದು ಹೇಳಲಾರೆ ಎಂದರು. ಗುಳಿಗೆ ನುಂಗಿ ತೊಳೆದುಹೋಗುವ ರೋಗ ಇದಲ್ಲ, ಸಂಭಾಳಿಸಬಹುದು, ಕೆಲವರು ನಿಧಾನವಾಗಿ ಸುಧಾರಿಸುತ್ತಾರೆ, ಇವಳು ಸುಳ್ಳು ಹೇಳುತ್ತಿಲ್ಲ ಎಂಬುದನ್ನು ಮಾತ್ರ ಖಂಡಿತ ಹೇಳುತ್ತೇನೆ ಎಂದರು. ಬಿಪಿ, ಕಿಡ್ನಿಯ ರಿಪೋರ್ಟು ಎಲ್ಲ ನೋಡಿ, ಊಟ ಹೇಗಿದೆ ಎಂದು ಕೇಳಿದರು.

ಉಪ್ಪು ಬಿಟ್ಟಿದ್ದೇನೆ ಎಂದಳು ಕಾಂಚನಾ.

ಡಾಕ್ಟರ್ ಬಾಯಿ ಪೆನ್ನು ಕೆಳಗಿಟ್ಟರು. ಯಾರು ಬಿಡಿಸಿದರು ಎಂದು ಕೇಳಿದ್ದಕ್ಕೆ ರಾಜಕುಮಾರ ನೆಲ ನೋಡಿದ. ನೀರು ಮತ್ತು ಉಪ್ಪು ಎರಡನ್ನೂ ಹೆಚ್ಚು ಕೊಡಬೇಕಾದವಳಿಗೆ ಉಪ್ಪು ಬಿಡಿಸಿದಿರಾ, ಇವತ್ತೇ ಶುರು ಮಾಡಿ ಎಂದರು. ಇದು ಇವಳಿಗೆ ಮಾತ್ರ, ಬಿಪಿ ಇದ್ದ ಮಾವನಿಗೆ ಇದನ್ನು ಮಾಡಬೇಡಿ ಎಂದು ಎಚ್ಚರಿಸಿದರು. ಬಿಗಿಯಾದ ಉದ್ದ ಸಾಕ್ಸು ಬರೆದುಕೊಟ್ಟರು. ಕೆಲಸ ಕೂತು, ತುಸು ತುಸು, ದಣಿಯುವ ಮೊದಲೇ ನಿಲ್ಲಿಸಬೇಕು. ಬಗ್ಗಿ ಏಳುವ, ಮಲಗಿ ಏಳುವ ಕೆಲಸ ಯಾವುದೂ ಬೇಡ. ಈ ಕೊನೆಯ ಮಾತಿಗೆ ಕಾಂಚನಾ ಗಂಡನ ಮುಖ ನೋಡಿದಳು. ಹರಕೆಯ ಸುದ್ದಿ ಈಗ ಹೇಳುತ್ತಾನೆ ಎಂದು ಕಾದಳು. ಅವನು ಚೀಟಿ ಮಡಚಿ ಜೇಬಿಗಿಟ್ಟ.

ಬರುವ ದಾರಿಯಲ್ಲಿ ರಾಜಕುಮಾರ ಕಾರು ನಿಲ್ಲಿಸಿ, ಉಪ್ಪು ಹಾಕಿದ ನಿಂಬೆಹಣ್ಣಿನ ಸೋಡಾ ತಂದುಕೊಟ್ಟ. ಕಾಂಚನಾ ಒಂದೇ ಉಸಿರಿಗೆ ಕುಡಿದಳು. ಉಪ್ಪು ನಾಲಿಗೆಗೆ ತಾಗಿದ್ದಕ್ಕೋ, ಗಂಡ ಕೈಯಾರೆ ತಂದದ್ದಕ್ಕೋ, ಕಣ್ಣಲ್ಲಿ ನೀರು ಬಂತು. ಆಗ ಅವನು ಮೆಲ್ಲಗೆ, "ಉಪ್ಪು ತಿಂದಿ ಅಂತ ಅವ್ವಗ ಹೇಳಬ್ಯಾಡ" ಎಂದ. ಬಂದ ನೀರು ಅಲ್ಲೇ ಆರಿತು. ಮುಂದಿನ ಸೀಟಿನಲ್ಲಿದ್ದ ಅಮಿತ ಕಿಟಕಿಯ ಹೊರಗೆ ನೋಡತೊಡಗಿದ.

ಅಂದು ರಾತ್ರಿಯ ಊಟಕ್ಕೆ ಕಾಂಚನಾ ಎಲ್ಲರ ಎದುರಿಗೆ ಉಪ್ಪಿನ ಭರಣಿ ಕೇಳಿದಳು. ಡಾಕ್ಟರ್ ಹೇಳಿದ್ದನ್ನು ಅಮಿತ ಹೇಳಿದ. ದಾನಮ್ಮನ ಮುಖ ಬಿಳಿಚಿಕೊಂಡಿತು.

"ಮೂರು ವಾರ ಆತು ನಾ ಉಪ್ಪು ಬಿಟ್ಟು. ಅನ್ನ ಗಂಟಲಾಗ ಇಳಿವಲ್ದು. ಯಾರ ಸಲುವಾಗಿ ಬಿಟ್ಟೇನಿ?"

"ನನ್ನ ಸಲುವಾಗಿ ಬಿಟ್ಟೀರಿ ಅತ್ತಿ. ಗೊತ್ತೈತಿ. ಆದರ ಅದರಿಂದ ನಾ ಬಿದ್ದೇನಿ."

"ಹರಕಿ ಮುರದ್ರ ಮನಿಗೆ ಬರತೈತಿ. ಇವರಿಗೆ ಏನರ ಆತಂದ್ರ?" ಎಂದು ದಾನಮ್ಮ ಗಂಡನ ಕಡೆ ಕೈ ಮಾಡಿದಳು.

ತನ್ನ ಹೆಸರು ನಡುವೆ ಬಂದದ್ದಕ್ಕೆ ಗೂಳಪ್ಪ ತುತ್ತು ಕೆಳಗಿಟ್ಟ. ಅಮಿತ ಮತ್ತೆ ಬಾಯಿ ತೆರೆದಾಗ, ಹೆಂಗಸರ ದೇವರ ಕೆಲಸದಲ್ಲಿ ನೀನು ತಲೆ ಹಾಕಬೇಡ ಎಂದು ಗದರಿಸಿದ. ಕೊನೆಗೆ ದಾನಮ್ಮನೇ ದಾರಿ ಹುಡುಕಿದಳು. ಉಪ್ಪು ತಿಂದದ್ದು ತಿಂದಾಯಿತು, ತಪ್ಪುಕಾಣಿಕೆ ಇಟ್ಟು ಕ್ಷಮೆ ಬೇಡಿಕೊಳ್ಳುತ್ತೇನೆ, ಆದರೆ ದೀಡ ನಮಸ್ಕಾರವನ್ನು ಮಾತ್ರ ಬಿಡುವಂತಿಲ್ಲ ಎಂದಳು. ತಾನು ಒಂದು ಹೆಜ್ಜೆ ಹಿಂದೆ ಸರಿದಿದ್ದೇನೆ, ಸೊಸೆಯೂ ಸರಿಯಲಿ ಎಂಬುದು ಅವಳ ನ್ಯಾಯ.

ಕೋಣೆಗೆ ಬಂದ ಮೇಲೆ ರಾಜಕುಮಾರ ಬಾಗಿಲು ಮುಚ್ಚಿ ಹೇಳಿದ: "ಒಂದ್ ಸಲ ಹಾಕಿಬಿಡು. ಅವ್ವನ ಮನಸ್ಸಿಗೆ ಸಮಾಧಾನ. ಗುಡಿ ಏನ್ ದೂರ ಐತಿ?"

"ನೀವು ನೋಡೀರಿ. ಆ ಮಷೀನ್‌ದಾಗ ನಿಮ್ಮ ಕಣ್ಣಿಲೆ ನೋಡೀರಿ."

"ನಾ ನೋಡೇನಿ. ಅವ್ವ ನೋಡಿಲ್ಲಲ್ಲ."

ಅತ್ತೆಯ ಮೇಲಿನ ಸಿಟ್ಟು ಒಂದು ತೂಕದ್ದಾದರೆ ಇದು ಹತ್ತು ತೂಕದ್ದು. ಅತ್ತೆ ನಂಬದೆ ಕೇಳಿದಳು, ಇವನು ನಂಬಿಯೂ ಕೇಳುತ್ತಿದ್ದಾನೆ. ಬಾಯಿಯ ತನಕ ಬಂದದ್ದನ್ನು ಕಾಂಚನಾ ತಡೆದಳು. ಈಗ ಅಂದರೆ ನಾಳೆ ಏಳಲು ಆಗುವುದಿಲ್ಲ, ಅಂದದ್ದೂ ಈ ನಾಲ್ಕು ಗೋಡೆಯ ಒಳಗೇ ಉಳಿಯುತ್ತದೆ. ಮಗ್ಗುಲಾಗಿ ಮಲಗಿದಳು.

ಮುಂದಿನ ಎರಡು ವಾರ ಉಪ್ಪು, ನೀರು, ಬಿಗಿ ಸಾಕ್ಸು. ಬೇಸಿಗೆಯಲ್ಲಿ ತೊಡೆಯ ತನಕ ಸಾಕ್ಸು ಹಾಕಿಕೊಳ್ಳುವ ಸೊಸೆಯನ್ನು ನೋಡಲು ತಂಗೆವ್ವ ಎರಡು ಸಲ ಬಂದು ಹೋದಳು. ಅಡುಗೆಯಲ್ಲಿ ಮಾವನಿಗೆ ಒಂದು ಪಲ್ಯ, ಸೊಸೆಗೆ ಒಂದು ಪಲ್ಯ ಎಂದು ಬೇರೆ ಬೇರೆ ಮಾಡಬೇಕಾಗಿ ದಾನಮ್ಮ ಬೈದುಕೊಳ್ಳುತ್ತಲೇ ಮಾಡಿದಳು. ಕಾಂಚನಾ ಗುಣವಾಗಲಿಲ್ಲ, ಆದರೆ ಕೂತು ಉಣ್ಣುವಂತಾದಳು. ಮಧ್ಯಾಹ್ನ ಒಂದಿಷ್ಟು ಹೊತ್ತು ಸ್ಟೂಲಿನ ಮೇಲೆ ಕಾಲು ಚಾಚಿಟ್ಟುಕೊಂಡು, ಮಗ್ಗಕ್ಕೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತಿಕೊಟ್ಟಳು. ದಣಿವು ಬರುವ ಮೊದಲೇ ನಿಲ್ಲಿಸಿ ಮಲಗುವುದನ್ನು ಕಲಿತಳು. ದಾನಮ್ಮ ಅದನ್ನು ಕಂಡು ಕೈ ಮುಗಿದಳು. ದೇವಿ ಕಣ್ಣು ತೆರೆದಿದ್ದಾಳೆ, ಸೊಸೆ ಚೇತರಿಸಿಕೊಂಡಿದ್ದಾಳೆ, ಇನ್ನು ನಮಸ್ಕಾರ ಹಾಕಲು ಅಡ್ಡಿಯೇನು ಎಂದು ಓಣಿಯ ಹೆಂಗಸರಿಗೆಲ್ಲ ಹೇಳಿ ಬಂದಳು. ಹಲಗೆ ಬಾರಿಸುವವರಿಗೆ ಎಲೆಅಡಿಕೆ ಕೊಟ್ಟಾಯಿತು. ಕಾಂಚನಾ ಮೂರು ಸಲ ಆಗುವುದಿಲ್ಲ ಎಂದಳು, ಮೂರು ಸಲವೂ ಯಾರೂ ಕೇಳಿಸಿಕೊಳ್ಳಲಿಲ್ಲ. ಮೆಲ್ಲಗೆ ಹೇಳಿದ ಮಾತಿಗೆ ಆ ಮನೆಯಲ್ಲಿ ಮಗ್ಗದ ಸಪ್ಪಳದ ನಡುವೆ ಬೆಲೆಯಿರಲಿಲ್ಲ.

ಐದನೆಯ ಮಂಗಳವಾರ ಬೆಳಿಗ್ಗೆ ಓಣಿಯ ಹೆಂಗಸರು ಕೊಡ ಹಿಡಿದು ಬಂದರು. ಮನೆಯಿಂದ ಗುಡಿಯ ತನಕ ದಾರಿಗೆ ನೀರು ಹೊಡೆದರು. ತಂಗೆವ್ವ ಬೇವಿನ ತಪ್ಪಲ ತಂದು ಕಾಂಚನಾಳ ಸೊಂಟಕ್ಕೆ ಸಿಕ್ಕಿಸಿದಳು. ತಲೆಯ ಮೇಲೆ ತಣ್ಣೀರು ಬಿತ್ತು, ಸೀರೆ ಮೈಗೆ ಅಂಟಿತು. ಹಲಗೆ ಬಾರಿಸತೊಡಗಿದರು. ಗೂಳಪ್ಪ ಮಗ್ಗಗಳನ್ನು ನಿಲ್ಲಿಸಿ ಹೊರಗೆ ಬಂದು ನಿಂತ. ಕಾಂಚನಾ ಹೊಸ್ತಿಲು ದಾಟಿ, ಗಂಡನ ಕಡೆ ಒಂದು ಸಲ ನೋಡಿದಳು. ಅವನು ಹಾಕಿಬಿಡು ಎಂಬಂತೆ ಕಣ್ಣಿನಲ್ಲೇ ಬೇಡಿಕೊಂಡ. ಅವಳು ಒದ್ದೆ ನೆಲದ ಮೇಲೆ ಉದ್ದಕ್ಕೆ ಮಲಗಿದಳು. ಕೈ ಚಾಚಿದಳು. ಗೆರೆ ಎಳೆದಳು.

ಏಳಲಿಲ್ಲ.

ಹಲಗೆಯವನು ಎರಡು ಸುತ್ತು ಹೆಚ್ಚಿಗೆ ಬಾರಿಸಿ ನಿಲ್ಲಿಸಿದ. ದಾನಮ್ಮ ಬಗ್ಗಿ, ಏಳು ಕಾಂಚನಾ ಎಂದಳು. ಕಾಂಚನಾ ಅಂಗಾತ ಹೊರಳಿದಳು. ಮಲಗಿದ ಮೈಯಲ್ಲಿ ಎದೆ ನೆಟ್ಟಗೆ ಬಡಿಯುತ್ತಿತ್ತು, ತಲೆ ತಿಳಿಯಾಗಿತ್ತು, ಗಂಟಲು ತುಂಬ ಧ್ವನಿಯಿತ್ತು. ಇಷ್ಟು ವಾರ ತಡೆದಿಟ್ಟದ್ದನ್ನು ಅವಳು ಬಿಟ್ಟಳು.

"ಏಳಾಂಗಿಲ್ಲ ಅತ್ತಿ. ಎದ್ರ ಬೀಳ್ತೇನಿ. ಬಿದ್ರ ನೀವು ದೇವಿ ಪರೀಕ್ಷಾ ಅಂತೀರಿ, ಇವರು ಅವ್ವನ ಸಮಾಧಾನ ಅಂತಾರ, ತಂಗೆವ್ವ ನಾಟಕ ಅಂತಾಳ. ಡಾಕ್ಟರ್ ಮಲಗಿ ಏಳೂ ಕೆಲಸ ಬ್ಯಾಡ ಅಂದಾಗ ಇವರು ಅಲ್ಲೇ ಇದ್ರು. ಕೇಳ್ರಿ ಇವರನ್ನ. ಇವರು ಕಣ್ಣಾರೆ ನೋಡ್ಯಾರ. ನೋಡೇನಿ ಅಂತ ನನಗ ಒಬ್ಬಾಕಿಗೆ ಹೇಳ್ತಾರ, ನಿಮ್ಮ ಮುಂದ ಬಾಯಿ ತಗಿಯಾಂಗಿಲ್ಲ."

ಎಲ್ಲರ ಕಣ್ಣು ರಾಜಕುಮಾರನ ಮೇಲೆ ಬಿದ್ದಿತು. ದಾನಮ್ಮ ಮಗನನ್ನು ಖರೆಯೇನು ಎಂದು ಕೇಳಿದಳು. ಅವನು ಹೂಂ ಎಂದ, ಹಲಗೆ ನಿಂತದ್ದರಿಂದ ಎಲ್ಲರಿಗೂ ಕೇಳಿಸಿತು.

"ಹರಕಿ ಹೊತ್ತಾಕಿ ನಾನಲ್ಲ. ನನ್ನ ಕೇಳಿಲ್ಲ. ಯಾರು ಹೊತ್ತೀರಿ ಅವರು ತೀರಸ್ರಿ" ಎಂದಳು ಕಾಂಚನಾ.

ದಾನಮ್ಮ ಅಲ್ಲೇ ನಿಂತಳು. ಅವಳಿಗೆ ಸೊಸೆಯ ಮೇಲಿನ ಸಿಟ್ಟಿಗಿಂತ ದೇವಿಯ ಭಯ ದೊಡ್ಡದು. ಒಂದು ಕೊಡ ನೀರನ್ನು ತಲೆಯ ಮೇಲೆ ಸುರಿದುಕೊಂಡು, ಬಾತ ಮೊಣಕಾಲನ್ನು ನೆಲಕ್ಕೆ ಊರಲು ಹೋದಳು. ಅರ್ಧ ಬಗ್ಗಿದವಳು ಅವ್ವಾ ಎಂದು ನರಳಿ ಗೋಡೆ ಹಿಡಿದಳು. ಹೆಂಡತಿಯ ಹೆಸರಿನಲ್ಲಿ ಗಂಡ ಹಾಕಿದರೂ ನಡೆಯುತ್ತದೆ ಎಂದು ತಂಗೆವ್ವ ಹೇಳಿದಳು. ಅವಳ ಬಾಯಿಂದ ಆ ಮನೆಗೆ ಉಪಯೋಗವಾದ ಮಾತು ಅದೊಂದೇ. ರಾಜಕುಮಾರ ಅಂಗಿ ಬಿಚ್ಚಿದ. ಅಮಿತ ಬಂದು ವೈನಿಯನ್ನು ಎತ್ತಿ ಒಳಗೆ ಮಲಗಿಸಿದ. ಹಲಗೆಯ ಸಪ್ಪಳ ಮೆಲ್ಲಮೆಲ್ಲಗೆ ಗುಡಿಯ ಕಡೆ ಹೋಯಿತು.

ಮರುದಿನ ನಡುಮನೆಯಲ್ಲಿ ಎರಡು ಹಾಸಿಗೆ. ಒಂದರಲ್ಲಿ ಕಾಂಚನಾ. ಅಷ್ಟು ಮಾತಾಡಿದ್ದಕ್ಕೆ ತೆರಬೇಕಾದದ್ದನ್ನು ತೆರುತ್ತಿದ್ದಳು, ಕಣ್ಣು ತೆರೆದಿಡುವುದೂ ಕಷ್ಟವಾಗಿತ್ತು. ಇನ್ನೊಂದರಲ್ಲಿ ರಾಜಕುಮಾರ. ಮೊಣಕೈ ಕೆತ್ತಿತ್ತು, ತೊಡೆಗಳು ಕಲ್ಲಾಗಿದ್ದವು. ಮೈ ಮುರದೈತಿ, ಏಳಾಕ ಆಗವಲ್ದು ಎಂದು ಹೊರಳಾಡುತ್ತಿದ್ದ. ಏಳಬ್ಯಾಡಪಾ, ಮಲಗು ಎಂದು ದಾನಮ್ಮ ಅರಿಶಿನ ಹಾಕಿದ ಹಾಲು ತಂದಳು, ಬಿಸಿನೀರಿನ ಚೀಲ ತಂದಳು, ಎಣ್ಣೆ ಕಾಸಿ ಬೆನ್ನು ತಿಕ್ಕಿದಳು. ಗೂಳಪ್ಪ ಒಂದು ಮಾತೂ ಆಡದೆ ಮಗನ ಮಗ್ಗಗಳನ್ನೂ ತಾನೇ ನೋಡಿಕೊಂಡ. ತಂಗೆವ್ವ ಬಟ್ಟಲ ತುಂಬ ಶಿರಾ ತಂದು, ಪಾಪ, ಎಷ್ಟು ತ್ರಾಸಾತೋ ಎಂದು ಹಾಸಿಗೆಯ ಹತ್ತಿರ ಕೂತು ಹೋದಳು.

ಕಾಂಚನಾ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ತಂಗೆವ್ವ ಹೋದ ಮೇಲೆ ಕಣ್ಣು ತೆರೆಯದೆಯೇ ಮಾತಾಡಿದಳು. ಧ್ವನಿ ಏಳುತ್ತಿರಲಿಲ್ಲ, ಒಂದೊಂದು ಮಾತಿಗೂ ನಡುವೆ ನಿಲ್ಲಬೇಕಾಗಿತ್ತು.

"ಅತ್ತಿ, ಇವರು ಒಂದ್ ಮುಂಜಾನಿ ಬಿದ್ದೆದ್ದಾರ. ಏಳಾಕ ಆಗವಲ್ದು ಅಂದ್ರು. ಎಲ್ಲಾರೂ ಖರೆ ಅಂದ್ರಿ. ನಾ ಎಂಟ್ ತಿಂಗಳಿಂದ ಅದನ್ನ ಹೇಳಾಕತ್ತೇನಿ."

ರಾಜಕುಮಾರ ನರಳುವುದನ್ನು ನಿಲ್ಲಿಸಿದ. ದಾನಮ್ಮನ ಕೈ ಮಗನ ಬೆನ್ನಿನ ಮೇಲೆ ಹಾಗೇ ನಿಂತಿತು. ಆಮೇಲೆ ಎಣ್ಣೆಯ ಬಟ್ಟಲು ತೆಗೆದುಕೊಂಡು, ಗೋಡೆ ಹಿಡಿದು ಎದ್ದು, ಸೊಸೆಯ ಹಾಸಿಗೆಯ ಹತ್ತಿರ ಬಂದು ಕೂತಳು. ಅತ್ತೆಯಾದವಳು ಸೊಸೆಯ ಕಾಲು ಮುಟ್ಟುವುದು ಆ ಮನೆಯಲ್ಲಿ ಎಂದೂ ನಡೆದದ್ದಲ್ಲ. ದಾನಮ್ಮ ಹೊದಿಕೆ ಸರಿಸಿ, ಕಾಂಚನಾಳ ಪಾದಕ್ಕೆ ಎಣ್ಣೆಯ ಕೈ ಹಚ್ಚಿದಳು.

ಕಾಂಚನಾ ಇದ್ದಬದ್ದ ತ್ರಾಣವನ್ನೆಲ್ಲ ಕೂಡಿಸಿ ಕಾಲನ್ನು ಒಳಗೆಳೆದುಕೊಂಡಳು.

"ಬ್ಯಾಡ್ರಿ ಅತ್ತಿ" ಎಂದಳು. "ನನಗ ಇನ್ನೂ ಸಿಟ್ಟೈತಿ."